ಸಂಘದ ಸರ್ವರನ್ನು ಆಡಳಿತ ಫಲಕದಿಂದ ನಡೆಸುವ ಕ್ರಮ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳಲ್ಲಿ ತೆಂಗು, ಅಡಕೆ, ರಾಗಿಗಳ ಬೆಳೆಗಾರರು ಸೇರಿ ಕಟ್ಟಿಕೊಂಡಿರುವ ಸಹಕಾರ ಸಂಘಗಳಲ್ಲಿಯೂ ರೈತ ಉತ್ಪಾದಕ ಸಂಸ್ಥೆಗಳಲ್ಲಿಯೂ ಕೆಲವು ಈಗ ತಮ್ಮದೇ ಆದ ಜಾಲತಾಣಗಳನ್ನು ಇಟ್ಟುಕೊಂಡಿವೆ. ರಾಜ್ಯದ ಮಾರುಕಟ್ಟೆ ಸಮಿತಿಗಳ ವ್ಯಾಪಾರವು 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ನಡೆಯತೊಡಗಿದ ಮೇಲೆ ಧಾರಣೆಯನ್ನು ಪರದೆಯ ಮೇಲೆ ನೋಡುವುದು ನಮ್ಮ ರೈತರಿಗೆ ಹೊಸದೇನೂ ಅಲ್ಲ. ಕೊಬ್ಬರಿಯ ಬೆಲೆ, ಸಸಿಗಳ ದಾಸ್ತಾನು, ಗೊಬ್ಬರ ಬಂದಿರುವ ಸುದ್ದಿ, ಮಹಾಸಭೆಯ ನೋಟೀಸು ಇವೆಲ್ಲವೂ ಮನೆಯ ಜಗಲಿಯ ಮೇಲೆ ಕುಳಿತವರ ಕೈಗೆ ಬರುವುದು ಅನುಕೂಲವೇ ಸರಿ. ಆದರೆ ಊರಿನ ಕೆರೆಯ ತೂಬಿನ ಕೀಲಿ ಯಾರ ಬಳಿ ಇದೆಯೆಂದು ಕೇಳಿದರೆ ದನ ಕಾಯುವ ಹುಡುಗನೂ ಹೇಳಿಯಾನು. ಸಂಘದ ಸರ್ವರಿನ ಕೀಲಿ ಯಾರ ಬಳಿ ಇದೆಯೆಂದು ಕೇಳಿದರೆ ಅಧ್ಯಕ್ಷರು ಕಾರ್ಯದರ್ಶಿಯ ಮುಖವನ್ನೂ ಕಾರ್ಯದರ್ಶಿಯವರು ಗೋಡೆಯನ್ನೂ ನೋಡುವುದುಂಟು. ಈ ಲೇಖನವು ಗ್ರಾಮದ ಯಜಮಾನರನ್ನೂ ಜಮೀನುದಾರರನ್ನೂ ಯಂತ್ರಜ್ಞರನ್ನಾಗಿ ಮಾಡುವುದಕ್ಕಾಗಿ ಬರೆದುದಲ್ಲ. ಸಂಘದ ನಿರ್ದೇಶಕರಾಗಿ ಸಹಿ ಹಾಕತಕ್ಕವರು ಏನನ್ನು ಕೇಳಬೇಕು, ಯಾವುದನ್ನು ಕಣ್ಣಾರೆ ನೋಡಬೇಕು ಎಂಬುದನ್ನು ತಿಳಿಸುವುದಷ್ಟೇ ಇದರ ಉದ್ದೇಶ.

ಮೊದಲು ಶಬ್ದದ ವಿಚಾರ. ಸರ್ವರು ಎಂದರೆ ಇಲ್ಲಿ ಎಲ್ಲರೂ ಎಂಬ ಅರ್ಥವಲ್ಲ. ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ಗಣಕಯಂತ್ರಕ್ಕೆ ಆ ಹೆಸರು. ಅದು ಸರ್ವರ ಸೇವೆಗಾಗಿಯೇ ಇರುವುದರಿಂದ ನಮ್ಮ ಭಾಷೆಯಲ್ಲಿ ಈ ಮಾತು ಅಷ್ಟೊಂದು ಅಪಾರ್ಥವೂ ಅಲ್ಲ. ಸಾಧಾರಣವಾಗಿ ಈ ಯಂತ್ರವು ಸಂಘದ ಕಟ್ಟಡದಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ದೊಡ್ಡ ಯಂತ್ರಾಗಾರದಲ್ಲಿ ಬಾಡಿಗೆಗೆ ಪಡೆದ ಒಂದು ಭಾಗವಾಗಿರುತ್ತದೆ. ಅದರಲ್ಲಿ ಲಿನಕ್ಸ್ ಎಂಬ ಮೂಲ ವ್ಯವಸ್ಥೆಯೂ, ಅದರ ಮೇಲೆ ಪುಟಗಳನ್ನು ಹಂಚುವ ಒಂದು ಕಾರ್ಯಕ್ರಮವೂ ಇರುತ್ತವೆ. 1995ರಲ್ಲಿ ಹೊರಬಂದ ಅಪಾಚೆ, 2004ರಲ್ಲಿ ಹೊರಬಂದ ಎಂಜಿನ್ ಎಕ್ಸ್ ಎಂಬ ಎರಡು ಕಾರ್ಯಕ್ರಮಗಳು ಈ ಕೆಲಸದಲ್ಲಿ ಹೆಚ್ಚಾಗಿ ಬಳಕೆಯಲ್ಲಿವೆ. ಇವೆರಡನ್ನೂ ಬೆಲೆಯಿಲ್ಲದೆ ಪಡೆಯಬಹುದು.

ಈ ಯಂತ್ರವನ್ನು ನಡೆಸುವ ಮಾರ್ಗಗಳು ಎರಡು. ಒಂದನೆಯದು, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬರೆದು ಕೆಲಸ ಮಾಡಿಸುವುದು. ಬಲ್ಲವರಿಗೆ ಇದೇ ನೇರವಾದ ದಾರಿ. ಎರಡನೆಯದು, ಬ್ರೌಸರಿನಲ್ಲಿ ತೆರೆಯುವ ಆಡಳಿತ ಫಲಕ. ಇಲ್ಲಿ ಗುಂಡಿಗಳನ್ನು ಒತ್ತಿ, ಖಾಲಿ ಕಲಮುಗಳನ್ನು ತುಂಬಿ ಅದೇ ಕೆಲಸವನ್ನು ಮಾಡಿಸಬಹುದು. ಹಳೆಯ ಕೆರೆಗಳಲ್ಲಿ ನೀರುಗಂಟಿಯು ಕಲ್ಲಿನ ಕಂಬಗಳ ನಡುವೆ ನೀರಿಗಿಳಿದು ತೂಬಿನ ಗೂಟವನ್ನು ಎತ್ತುತ್ತಿದ್ದನು. ಅನಂತರ ಏರಿಯ ಮೇಲೆಯೇ ತಿರುಗಿಸುವ ಚಕ್ರ ಬಂದಿತು. ಚಕ್ರ ಬಂದ ಮಾತ್ರಕ್ಕೆ ಕೆಳಗಿನ ತೂಬು ಬೇರೆಯಾಗಲಿಲ್ಲ. ಹೂಳು ತುಂಬಿದ್ದರೆ ಚಕ್ರವನ್ನು ಎಷ್ಟು ತಿರುಗಿಸಿದರೂ ನೀರು ಬಾರದು. ಫಲಕವೂ ಹೀಗೆಯೇ. ಅದು ಕೆಳಗಿರುವ ಕಡತಗಳನ್ನೇ ತಿದ್ದುತ್ತದೆ. ತನ್ನದಾದ ಬೇರೆ ಶಕ್ತಿ ಅದಕ್ಕಿಲ್ಲ.

ಇಂತಹ ಫಲಕಗಳಲ್ಲಿ ವೆಬ್‌ಮಿನ್ ಎಂಬುದು ಹಳೆಯದು. ಜೇಮೀ ಕ್ಯಾಮರಾನ್ ಎಂಬವರು ಇದನ್ನು 1997ರಲ್ಲಿ ಆರಂಭಿಸಿದರು. ಬಾಡಿಗೆ ಸರ್ವರುಗಳಲ್ಲಿ ಕಾಣುವ ಸಿಪ್ಯಾನೆಲ್ ಎಂಬುದು ಹಣ ಕೊಟ್ಟು ಪಡೆಯತಕ್ಕದ್ದು. ಕಾಕ್‌ಪಿಟ್ ಎಂಬುದು ಈಚಿನದು, ಸರಳವಾದದ್ದು. ಇಲ್ಲಿ ವೆಬ್‌ಮಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುವೆನು. ಅದನ್ನು ತೆರೆದರೆ ಎಡಬದಿಯಲ್ಲಿ ಅಧ್ಯಾಯಗಳಂತೆ ವಿಭಾಗಗಳು ಕಾಣುತ್ತವೆ: ಬಳಕೆದಾರರು, ಅಪಾಚೆ, ಕಾಲಕಾಲಕ್ಕೆ ತಾನಾಗಿ ನಡೆಯತಕ್ಕ ಕೆಲಸಗಳು, ತಂತ್ರಾಂಶದ ಪರಿಷ್ಕರಣೆ, ದಿನಚರಿಗಳು, ಪ್ರತಿ ತೆಗೆಯುವಿಕೆ, ಇತ್ಯಾದಿ. ಅಪಾಚೆಯ ವಿಭಾಗದಲ್ಲಿ ಒಂದು ಬದಲಾವಣೆಯನ್ನು ಬರೆದು ಉಳಿಸಿದರೆ ಅದು ಕಡತಕ್ಕೆ ಸೇರುವುದೇ ಹೊರತು ಜಾರಿಗೆ ಬರುವುದಿಲ್ಲ. ಜಾರಿಗೆ ತರುವ ಗುಂಡಿ ಬೇರೆಯಾಗಿ ಮೇಲುಗಡೆ ಇರುತ್ತದೆ. ಹುಕುಮು ಬರೆದಿಟ್ಟು ಜಾರಿ ಮಾಡದೆ ಇದ್ದಂತೆ, ಹೊಸಬರು ಇದನ್ನು ಮರೆತು ಯಂತ್ರ ಕೆಟ್ಟಿತೆಂದು ದೂರುವುದು ಸರ್ವೇಸಾಮಾನ್ಯ. ಇನ್ನೊಂದು ಎಚ್ಚರಿಕೆಯೆಂದರೆ, ಒಬ್ಬನು ಫಲಕದಿಂದಲೂ ಮತ್ತೊಬ್ಬನು ಕಪ್ಪು ಪರದೆಯಿಂದಲೂ ಒಂದೇ ಕಡತವನ್ನು ಒಂದೇ ಹೊತ್ತಿನಲ್ಲಿ ತಿದ್ದಕೂಡದು. ಒಂದು ಹೊಲಕ್ಕೆ ಇಬ್ಬರು ಏರು ಕಟ್ಟಿದರೆ ಸಾಲು ಸೇರುವುದಿಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುವೆನು.

ಸರ್ವರಿಗೆ ಪೋರ್ಟುಗಳೆಂಬ ಅಂಕಿ ಹಾಕಿದ ಬಾಗಿಲುಗಳುಂಟು. ಇವನ್ನು ಕೆರೆಯ ತೂಬುಗಳೆಂದೇ ಭಾವಿಸಬಹುದು. 80 ಮತ್ತು 443 ಎಂಬವು ಲೋಕಕ್ಕೆಲ್ಲ ಪುಟಗಳನ್ನು ಕೊಡತಕ್ಕವು, ಇವು ತೆರೆದಿರಲೇಬೇಕು. 22 ಎಂಬುದು ಆಜ್ಞೆಗಳ ಬಾಗಿಲು. ವೆಬ್‌ಮಿನ್ನಿನ ಬಾಗಿಲು ರೂಢಿಯಲ್ಲಿ 10000, ಕಾಕ್‌ಪಿಟ್ಟಿನದು 9090. ಫಲಕದ ಬಾಗಿಲಿನಿಂದ ಒಳಹೊಕ್ಕವನು ಇಡೀ ಯಂತ್ರಕ್ಕೆ ಯಜಮಾನನಾಗುತ್ತಾನೆ: ಪುಟಗಳನ್ನು ಅಳಿಸಬಲ್ಲನು, ಸದಸ್ಯರ ಪಟ್ಟಿಯನ್ನು ಒಯ್ಯಬಲ್ಲನು, ಇಂದಿನ ಧಾರಣೆಯ ಜಾಗದಲ್ಲಿ ತನಗೆ ಬೇಕಾದ ಧಾರಣೆಯನ್ನು ಬರೆಯಬಲ್ಲನು. ಹಣ ಕಟ್ಟಬೇಕಾದ ಬ್ಯಾಂಕು ಖಾತೆಯ ಸಂಖ್ಯೆಯನ್ನು ಪುಟದಲ್ಲಿ ಹಾಕಿದ್ದರೆ ಅದನ್ನೂ ಬದಲಾಯಿಸಬಲ್ಲನು. ಇಂತಹ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಟ್ಟು, ಒಂದು ಪಾಸ್‌ವರ್ಡನ್ನು ಮಾತ್ರ ಕಾವಲಿಟ್ಟು ನಿಶ್ಚಿಂತೆಯಿಂದಿರುವುದು ವಿವೇಕವಲ್ಲ.

ಪಾಸ್‌ವರ್ಡು ಗಟ್ಟಿಯಾಗಿದ್ದರೆ ಸಾಲದೆ ಎಂದು ಕೆಲವರು ಕೇಳುವರು. ಸಾಲದೆಂಬುದಕ್ಕೆ ನಿದರ್ಶನವಿದೆ. 2018ರ ಏಪ್ರಿಲಿನಲ್ಲಿ ವೆಬ್‌ಮಿನ್ನನ್ನು ಸಿದ್ಧಪಡಿಸುವ ಯಂತ್ರದೊಳಕ್ಕೇ ಯಾರೋ ನುಗ್ಗಿ, ಕಾರ್ಯಕ್ರಮದ ನಡುವೆ ಒಂದು ಕಳ್ಳದಾರಿಯನ್ನು ಸೇರಿಸಿದರು. ಅಲ್ಲಿಂದ ಮುಂದೆ ಹೊರಬಿದ್ದ 1.890 ಎಂಬ ಆವೃತ್ತಿಯನ್ನು ಹಾಕಿಕೊಂಡವರ ಸರ್ವರಿನೊಳಕ್ಕೆ ಪಾಸ್‌ವರ್ಡು ಇಲ್ಲದೆಯೇ ಯಜಮಾನನಾಗಿ ನುಗ್ಗಲು ಸಾಧ್ಯವಿತ್ತು. ಅನಂತರದ 1.920ರವರೆಗಿನ ಆವೃತ್ತಿಗಳಲ್ಲಿಯೂ, ಅವಧಿ ಮುಗಿದ ಪಾಸ್‌ವರ್ಡನ್ನು ಬದಲಾಯಿಸಲು ಅವಕಾಶ ಕೊಡುವ ಒಂದು ಅನುಕೂಲವನ್ನು ತೆರೆದಿಟ್ಟವರಿಗೆ ಅದೇ ಅಪಾಯವಿತ್ತು. 2019ರ ಆಗಸ್ಟಿನಲ್ಲಿ ಈ ಸಂಗತಿ ಬಯಲಾಗಿ, ಅದೇ ತಿಂಗಳು 1.930ನೆಯ ಆವೃತ್ತಿಯಲ್ಲಿ ದೋಷವನ್ನು ತೆಗೆದುಹಾಕಿದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳ್ಳದಾರಿ ತೆರೆದಿತ್ತೆಂದಾಯಿತು. ನೋಡಬೇಕಾದ ಅಂಶವೇನೆಂದರೆ, ಆ ಅವಧಿಯಲ್ಲಿ 10000ದ ಬಾಗಿಲನ್ನು ಹೊರಗಿನವರಿಗೆ ಮುಚ್ಚಿದ್ದವರ ಸರ್ವರಿನ ಒಳಗೆ ಅದೇ ಕಳ್ಳದಾರಿ ಇದ್ದರೂ ಹೊರಗಿನ ಕಳ್ಳನಿಗೆ ಅದರ ಬಳಿಗೆ ಬರುವ ದಾರಿ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಸೈಬರ್‌ಪ್ಯಾನೆಲ್ ಎಂಬ ಮತ್ತೊಂದು ಫಲಕದಲ್ಲಿ ಬಿರುಕು ಕಂಡಾಗ, ಬಾಗಿಲು ತೆರೆದು ಕುಳಿತಿದ್ದ ಸಾವಿರಾರು ಸರ್ವರುಗಳಿಗೆ ಸುಲಿಗೆಗಾರರು ನುಗ್ಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದರು.

ಆದುದರಿಂದ ಸಂಘದವರು ಮೊಟ್ಟಮೊದಲು ಮಾಡಿಸತಕ್ಕದ್ದು ಇದು. ಬೆಂಕಿಗೋಡೆ ಎಂದು ಕರೆಯುವ ತಡೆಯಲ್ಲಿ ಫಲಕದ ಬಾಗಿಲನ್ನು ಹೊರಗಿನವರಿಗೆ ಪೂರ್ತಿಯಾಗಿ ಮುಚ್ಚಿಸಿ, ಸಂಘದ ಕಚೇರಿಯ ಜಾಲವಿಳಾಸ ಒಂದಕ್ಕೆ ಮಾತ್ರ ತೆರೆಯಬೇಕು. ಕಚೇರಿಯ ವಿಳಾಸವು ದಿನದಿನಕ್ಕೂ ಬದಲಾಗುವಂತಿದ್ದರೆ, 22ರ ಬಾಗಿಲಿನ ಮೂಲಕ ಗುಪ್ತವಾದ ಒಳದಾರಿಯೊಂದನ್ನು ಮಾಡಿಕೊಂಡು ಅದರಿಂದ ಫಲಕವನ್ನು ತಲುಪಬಹುದು; ಆ ಬಾಗಿಲಿಗೆ ಪಾಸ್‌ವರ್ಡಿನ ಬದಲು ಕೀಲಿಕಡತವನ್ನು ಕಾವಲಿಡಬೇಕು. ಬಲ್ಲ ಹುಡುಗನಿಗೆ ಇದು ಅರ್ಧ ಗಂಟೆಯ ಕೆಲಸ. ಇದರ ಜೊತೆಗೆ, ಪಾಸ್‌ವರ್ಡಿನ ಮೇಲೆ ಮೊಬೈಲಿನಲ್ಲಿ ಬರುವ ಆರು ಅಂಕಿಗಳನ್ನೂ ಕೇಳುವ ಎರಡನೆಯ ಬೀಗವು ವೆಬ್‌ಮಿನ್ನಿನಲ್ಲಿಯೇ ಉಂಟು, ಅದನ್ನು ಹಾಕಿಸತಕ್ಕದ್ದು. ಮುಚ್ಚಿದೆಯೋ ಇಲ್ಲವೋ ಎಂದು ನಿರ್ದೇಶಕರು ತಾವೇ ಪರೀಕ್ಷಿಸಬಹುದು. ನಿಮ್ಮ ಮನೆಯ ಮೊಬೈಲಿನಲ್ಲಿ ಸಂಘದ ತಾಣದ ಹೆಸರನ್ನು ಬರೆದು, ಮುಂದೆ ಎರಡು ಚುಕ್ಕೆ ಇಟ್ಟು 10000 ಎಂದು ಬರೆದು ನೋಡಿರಿ. ಹೆಸರು ಮತ್ತು ಪಾಸ್‌ವರ್ಡು ಕೇಳುವ ಪುಟ ಬಂದರೆ ತೂಬು ತೆರೆದಿದೆ ಎಂದರ್ಥ. ಮರುದಿನವೇ ಕಾರ್ಯದರ್ಶಿಯನ್ನು ಕೇಳಿರಿ.

ಎರಡನೆಯ ವಿಷಯ, ಯಾರು ಏನು ಮಾಡಿದರೆಂಬ ದಾಖಲೆ. ಇದರಲ್ಲಿ ನಮ್ಮ ರಾಜ್ಯದವರೇ ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿದ್ದಾರೆ. 1961ರ ಗ್ರಾಮಾಧಿಕಾರ ರದ್ದತಿ ಶಾಸನದಿಂದ ಶಾನುಭೋಗಿಕೆಯು ವಂಶಪಾರಂಪರ್ಯವಾಗಿ ನಡೆಯುವುದು ನಿಂತಿತು. ಆದರೂ ಪಹಣಿಯನ್ನು ಬರೆಯುವ ಕೈ ಒಂದೇ ಆಗಿದ್ದು, ತಿದ್ದಿದ್ದನ್ನು ಕೇಳುವವರಿಲ್ಲದೆ ರೈತರು ಬಹುಕಾಲ ಕಷ್ಟಪಟ್ಟರು. 1999ರಿಂದ 2002ರವರೆಗೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಖಾತೆದಾರರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಸೇರಿಸಿದಾಗ, ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಒಂದೊಂದು ಸರ್ವರನ್ನು ಇಟ್ಟು, ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೊಗಬೇಕೆಂಬ ಏರ್ಪಾಟು ಮಾಡಿದರು. ತಿದ್ದಿದವನ ಹೆಸರು ತಿದ್ದುಪಡಿಯ ಜೊತೆಗೇ ಉಳಿಯಿತು. ನಾನು ಮಾಡಲಿಲ್ಲ, ಯಾರೋ ಮಾಡಿದರು ಎಂಬ ಉತ್ತರಕ್ಕೆ ಅಲ್ಲಿ ಎಡೆಯಿಲ್ಲದಾಯಿತು.

ಸಂಘದ ಸರ್ವರಿನಲ್ಲಿ ಬೆರಳಚ್ಚು ಬೇಕಿಲ್ಲ. ಆದರೆ ಕಾರ್ಯದರ್ಶಿ, ಗುಮಾಸ್ತ, ಹೊರಗಿನ ಗುತ್ತಿಗೆದಾರ, ಈ ಮೂವರೂ ಒಂದೇ ಹೆಸರಿನಿಂದ ಫಲಕವನ್ನು ಹೊಗುವ ರೂಢಿಯನ್ನು ಕೂಡಲೆ ನಿಲ್ಲಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಬ್ಬೊಬ್ಬರಿಗೆ ಬೇಕಾದಷ್ಟೇ ವಿಭಾಗ. ಧಾರಣೆಯ ಪುಟವನ್ನು ತಿದ್ದುವ ಗುಮಾಸ್ತನಿಗೆ ಬಳಕೆದಾರರ ವಿಭಾಗ ಕಾಣಬೇಕಾದ ಕಾರಣವೇ ಇಲ್ಲ. ವೆಬ್‌ಮಿನ್ನಿನಲ್ಲಿ ಹೀಗೆ ವಿಭಾಗಗಳನ್ನು ಹಂಚಿಕೊಡಬಹುದು. ರೂಟ್ ಎಂಬ ಸರ್ವಾಧಿಕಾರದ ಹೆಸರನ್ನು ದಿನದ ಕೆಲಸಕ್ಕೆ ಬಳಸಕೂಡದು. ಫಲಕದಲ್ಲಿ ನಡೆದ ಕಾರ್ಯಗಳ ದಿನಚರಿಯು ಅಲ್ಲಿಯೇ ಸಿಕ್ಕುತ್ತದೆ: ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ವಿಳಾಸದಿಂದ, ಯಾರು, ಏನನ್ನು ಬದಲಾಯಿಸಿದರು ಎಂದು. ತಿಂಗಳ ಸಭೆಯಲ್ಲಿ ಜಮಾಖರ್ಚಿನ ಜೊತೆಗೆ ಇದರ ಒಂದು ಪ್ರತಿಯನ್ನು ಮೇಜಿನ ಮೇಲೆ ಇಡಿಸಿದರೆ, ಅದನ್ನು ಪೂರ್ತಿ ಓದದಿದ್ದರೂ ಅರ್ಧ ಫಲ ಸಿಕ್ಕಿದಂತೆ. ನೋಡುವವರಿದ್ದಾರೆಂಬ ತಿಳಿವಳಿಕೆಯೇ ಒಂದು ಕಾವಲು.

ವಾರದ ಕೆಲಸಗಳನ್ನು ಬೇಗ ಹೇಳಿ ಮುಗಿಸುವೆನು. ತಂತ್ರಾಂಶದ ಪರಿಷ್ಕರಣೆಗಳು ಬಂದಿದ್ದರೆ ಹಾಕಿಸಬೇಕು. ತಟ್ಟೆಯಲ್ಲಿ ಜಾಗ ಎಷ್ಟು ಉಳಿದಿದೆಯೆಂದು ನೋಡಬೇಕು; ದಿನಚರಿಗಳೇ ಬೆಳೆದು ಜಾಗವನ್ನು ತುಂಬಿ ದತ್ತಾಂಶದ ಕಾರ್ಯಕ್ರಮವು ನಿಂತುಹೋಗುವುದುಂಟು. ಪುಟ ತೆರೆಯದೆ ಇದ್ದರೆ ಕಡತಗಳ ಹಕ್ಕನ್ನು 777 ಎಂದು ಮಾಡಿರಿ ಎಂದು ಸಲಹೆ ಕೊಡುವವರು ಬಹಳ ಮಂದಿ ಇದ್ದಾರೆ. ಆ ಅಂಕಿಯ ಅರ್ಥ, ಯಾರು ಬೇಕಾದರೂ ಬರೆಯಬಹುದು ಎಂದು. ಬೇಲಿಯ ಗೇಟು ಬಿಗಿಯಾಯಿತೆಂದು ಬೇಲಿಯನ್ನೇ ಕಿತ್ತುಹಾಕುವ ಈ ಔಷಧವನ್ನು ಒಪ್ಪಬಾರದು. ತಾಣದ ಹೆಸರಿನ ಮುಂದೆ ಬೀಗದ ಗುರುತು ತೋರಿಸುವ ಪ್ರಮಾಣಪತ್ರವೊಂದಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು 2015ರಿಂದ ಇದನ್ನು ಬಿಟ್ಟಿಯಾಗಿ ಕೊಡುತ್ತ ಬಂದಿದೆ. ಅದರ ಅವಧಿ ಹೆಚ್ಚೆಂದರೆ ಮೂರು ತಿಂಗಳು. ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿನ ಸೈಫನ್ನುಗಳನ್ನು ನೋಡಿದವರಿಗೆ ಗೊತ್ತು, ನೀರು ಗೊತ್ತಾದ ಮಟ್ಟಕ್ಕೆ ಬಂದರೆ ಅವು ತಾವಾಗಿಯೇ ಹೊರಗೆ ಹರಿಸುತ್ತವೆ, ಯಾರೂ ಚಕ್ರ ತಿರುಗಿಸಬೇಕಿಲ್ಲ. ಪ್ರಮಾಣಪತ್ರದ ನವೀಕರಣವನ್ನೂ ಹಾಗೆಯೇ ತಾನಾಗಿ ನಡೆಯುವಂತೆ ಫಲಕದಲ್ಲಿ ಏರ್ಪಡಿಸಬೇಕು. ಮನುಷ್ಯನ ನೆನಪನ್ನು ನಂಬಿದರೆ ಕೊಯ್ಲಿನ ಕಾಲದಲ್ಲಿಯೇ ಅವಧಿ ತೀರುತ್ತದೆ. (ಕಾಲುವೆಯ ನೀರಿನ ವಿಷಯದಲ್ಲಿ ಗುಬ್ಬಿಯವರಿಗೂ ಕುಣಿಗಲಿನವರಿಗೂ ಇರುವ ವಾದವನ್ನು ಇಲ್ಲಿ ಎತ್ತಿಕಟ್ಟುವುದು ನನ್ನ ಉದ್ದೇಶವಲ್ಲ, ಉಪಮಾನಕ್ಕೆ ಅಣೆಕಟ್ಟು ಬೇಕಾಯಿತು, ಅಷ್ಟೆ.)

ಪ್ರತಿ ತೆಗೆದಿಡುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಸರ್ವರಿನ ಪ್ರತಿ ಇದೆಯೇ ಎಂದು ಕೇಳಿದರೆ ಪ್ರತಿಯೊಂದು ಸಂಘದಲ್ಲಿಯೂ ಇದೆ ಎಂಬ ಉತ್ತರವೇ ಬರುತ್ತದೆ. ಎಲ್ಲಿದೆ ಎಂದು ಕೇಳಿದರೆ, ಅದೇ ಸರ್ವರಿನಲ್ಲಿ! ಹೊಲದಲ್ಲಿಯೇ ಬಿತ್ತನೆಯ ಬೀಜವನ್ನು ಬಿಟ್ಟು, ಹೊಲಕ್ಕೆ ಬೆಂಕಿ ಬಿದ್ದರೆ ಬೀಜ ಎಲ್ಲಿಂದ ತರುವುದು? ನಮ್ಮ ಹಿರಿಯರು ರಾಗಿಯನ್ನು ಕಣಜದಲ್ಲಿ ಇಟ್ಟುದಲ್ಲದೆ ನೆಲದೊಳಗೆ ಹಗೇವು ತೋಡಿ ಬೇರೆಯಾಗಿಯೂ ಇಡುತ್ತಿದ್ದರು. ಬರ ಬಂದ ವರ್ಷ ಬಾಯಿ ತೆಗೆದರೆ ಕಾಳು ಸಿಕ್ಕುತ್ತಿತ್ತು. ಈ ಕಾಲದ ಗಣಕತಜ್ಞರು ಹೇಳುವ ಸೂತ್ರವೂ ಅದಕ್ಕೆ ದೂರವಾದುದಲ್ಲ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಊರ ಹೊರಗೆ. ಫಲಕದಲ್ಲಿ ರಾತ್ರಿ ಎರಡು ಗಂಟೆಗೆ ತಾನಾಗಿ ಪ್ರತಿ ತೆಗೆದು ಬೇರೊಂದು ಸ್ಥಳಕ್ಕೆ ಕಳುಹಿಸುವಂತೆ ಕಟ್ಟುಮಾಡಬಹುದು. ವಾರಕ್ಕೊಂದು ಪ್ರತಿಯನ್ನು ಸಂಘದ ಕಚೇರಿಯ ತಟ್ಟೆಗೆ ಇಳಿಸಿಕೊಂಡು, ಆ ತಟ್ಟೆಯನ್ನು ಕೆಲಸವಾದೊಡನೆ ಬಿಡಿಸಿ ಪೆಟ್ಟಿಗೆಯಲ್ಲಿ ಇಡಬೇಕು. ಬಿಡಿಸದೆ ಹಾಗೆಯೇ ಬಿಟ್ಟರೆ ಸುಲಿಗೆಯ ಕಾರ್ಯಕ್ರಮವು ಅದಕ್ಕೂ ಬೀಗ ಹಾಕುತ್ತದೆ.

ಆದರೆ ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಬಿತ್ತುವುದಕ್ಕೆ ಮೊದಲು ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ನೋಡಿರೆಂದು ಈ ಇಲಾಖೆಯು ರೈತರಿಗೆ ಹೇಳುತ್ತ ಬಂದಿದೆ. ಮೂಟೆ ತುಂಬಿರುವುದು ಬೀಜವಿರುವುದಕ್ಕೆ ಸಾಕ್ಷಿಯೇ ಹೊರತು ಮೊಳೆಯುವುದಕ್ಕೆ ಅಲ್ಲ. ತೆಗೆದಿಟ್ಟ ಪ್ರತಿಯೂ ಹಾಗೆಯೇ. ಮೂರು ತಿಂಗಳಿಗೊಮ್ಮೆ ಬೇರೊಂದು ಖಾಲಿ ಯಂತ್ರದ ಮೇಲೆ ಅದನ್ನು ಬಿಚ್ಚಿ, ತಾಣ ತೆರೆಯುತ್ತದೆಯೇ, ಕೊನೆಯ ದಿನದ ಧಾರಣೆ ಕಾಣುತ್ತದೆಯೇ, ಸದಸ್ಯರ ಸಂಖ್ಯೆ ಸರಿಯಾಗಿದೆಯೇ ಎಂದು ನೋಡಿ ಪುಸ್ತಕದಲ್ಲಿ ಷರಾ ಬರೆಯಬೇಕು. ಪುಟಗಳ ಕಡತಗಳನ್ನು ಮಾತ್ರ ಪ್ರತಿ ಮಾಡಿ ದತ್ತಾಂಶವನ್ನು ಬಿಟ್ಟಿರುವುದು ಇಂತಹ ಪರೀಕ್ಷೆಯಲ್ಲಿ ಅಲ್ಲದೆ ಬೇರೆಲ್ಲಿಯೂ ಹೊರಬೀಳುವುದಿಲ್ಲ. ಹೊರಬಿದ್ದರೂ ಆಪತ್ತಿನ ದಿನ ಬೀಳುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ನಡೆಸಲು ಸಾಧ್ಯವಿರುವವರು ಇದನ್ನು ನಡೆಸಲಿ ಎಂದು ಹೇಳುವೆನು.

ಇನ್ನು ಒಡೆತನ. ಈ ಜಿಲ್ಲೆಯ ಸಂಘವೊಂದು, ಹೆಸರು ಬೇಡ, ತನ್ನ ತಾಣವನ್ನು ಕಟ್ಟಿಸಿದಾಗ ತಾಣದ ಹೆಸರನ್ನು ಗುತ್ತಿಗೆದಾರನು ತನ್ನ ಸ್ವಂತ ಹೆಸರಿನಲ್ಲಿಯೇ ನೋಂದಾಯಿಸಿಕೊಂಡನು. ಕೊಬ್ಬರಿಯ ಚೀಲಗಳ ಮೇಲೆಲ್ಲ ಆ ಹೆಸರು ಅಚ್ಚಾಯಿತು. ಮುಂದೆ ಹಣದ ವಿಷಯದಲ್ಲಿ ಮನಸ್ತಾಪ ಬಂದು, ಆತನು ನವೀಕರಿಸದೆ ಬಿಟ್ಟನು, ಹೆಸರು ಬಿಡುವಾಯಿತು, ಮತ್ತಾರೋ ಕೊಂಡರು. ಚೀಲದ ಮೇಲಿನ ಹೆಸರನ್ನು ನಂಬಿ ನೋಡಿದವರಿಗೆ ಅಪರಿಚಿತನ ಪುಟ ತೆರೆಯಿತು. ದೂರು ಕೊಡಲು ಹೋದರೆ, ದಾಖಲೆಯಲ್ಲಿ ಸಂಘದ ಹೆಸರು ಎಲ್ಲಿಯೂ ಇರಲಿಲ್ಲ. ನಮ್ಮ ದೇಶದ ಡಾಟ್ ಇನ್ ಹೆಸರುಗಳ ಮೇಲ್ವಿಚಾರಣೆಯು ನಿಕ್ಸಿ ಎಂಬ ಸಂಸ್ಥೆಗೆ ಸೇರಿದ್ದು; ನೋಂದಾಯಿತ ಏಜೆಂಟರ ಮೂಲಕ ಸಂಘದ ಹೆಸರಿನಲ್ಲಿಯೇ, ಸಂಘದ ಮಿಂಚಂಚೆಯ ವಿಳಾಸವನ್ನೇ ಕೊಟ್ಟು, ರಸೀತಿಯನ್ನು ದಫ್ತರಿನಲ್ಲಿ ಇಟ್ಟುಕೊಂಡು ಹೆಸರನ್ನು ಪಡೆಯಬೇಕು. ಕಾರ್ಯದರ್ಶಿಯು ಬದಲಾದಾಗ ನಗದು ಪೆಟ್ಟಿಗೆಯ ಚಾರ್ಜು ಪಟ್ಟಿಯ ಜೊತೆಗೆ ಸರ್ವರಿನ ಚಾರ್ಜು ಪಟ್ಟಿಯೂ ಕೈ ಬದಲಾಗಿ, ಅದೇ ದಿನ ಹಳೆಯವರ ಹೆಸರು ಫಲಕದಿಂದ ತೆಗೆಯಲ್ಪಡಬೇಕು. ಸಂಬಂಧಿಕರೆಂದು ಸಂಕೋಚಪಡಬೇಕಾದ ಕೆಲಸ ಇದಲ್ಲ.

ಶಾಸನದ ವಿಷಯವಾಗಿ ಎರಡು ಮಾತು. ಸದಸ್ಯರ ಹೆಸರು, ಮೊಬೈಲು ಸಂಖ್ಯೆ, ಸಾಲದ ಬಾಕಿ ಮುಂತಾದುವನ್ನು ಇಟ್ಟುಕೊಂಡವರ ಮೇಲೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹೊಣೆಯನ್ನು ಹೊರಿಸಿದೆ. ಕೇಂದ್ರ ಸರ್ಕಾರದ ಸರ್ಟ್ ಇನ್ ಎಂಬ ಕಚೇರಿಯ 2022ರ ಏಪ್ರಿಲ್ 28ನೆಯ ತಾರೀಖಿನ ಆದೇಶದ ಮೇರೆಗೆ, ಸರ್ವರಿಗೆ ಕಳ್ಳರು ನುಗ್ಗಿದ್ದು ತಿಳಿದ 6 ಗಂಟೆಗಳೊಳಗೆ ವರದಿ ಕೊಡತಕ್ಕದ್ದು. ದಿನಚರಿಗಳನ್ನು 180 ದಿವಸ ಉಳಿಸಿಕೊಳ್ಳತಕ್ಕದ್ದು. ಆರು ಗಂಟೆ ಎಂದರೆ ಸಭೆ ಕರೆದು ತೀರ್ಮಾನಿಸುವಷ್ಟು ಕಾಲವಲ್ಲ. ಯಾರು ವರದಿ ಬರೆಯತಕ್ಕವರೆಂದು ಮೊದಲೇ ಠರಾವು ಮಾಡಿಡಬೇಕು. ಸಾಲದ ಬಾಕಿಯ ಪಟ್ಟಿಯನ್ನು ಜಾಲಕ್ಕೆ ಸೇರಿದ ಸರ್ವರಿನಲ್ಲಿ ಇಡಲೇಬೇಕೆ ಎಂಬ ಪ್ರಶ್ನೆಯನ್ನೂ ಆ ಸಭೆಯಲ್ಲಿಯೇ ಕೇಳಿರಿ. ಬಹಳ ಸಂಘಗಳಿಗೆ ಅದರ ಅವಶ್ಯಕತೆಯಿಲ್ಲವೆಂದು ನನ್ನ ಅಭಿಪ್ರಾಯ.

ಇಷ್ಟನ್ನು ಓದಿ, ಇದು ನಮ್ಮ ಕೈಲಾಗದೆಂದು ಹೇಳುವ ಸಂಘಗಳೂ ಇರುವುವು. ಅವರು ನಾಚಬೇಕಾದುದಿಲ್ಲ. ಧಾರಣೆಯನ್ನೂ ನೋಟೀಸನ್ನೂ ಮಾತ್ರ ಪ್ರಕಟಿಸುವವರಿಗೆ ಸ್ವಂತ ಸರ್ವರು ಬೇಕಿಲ್ಲ. ಸರ್ವರಿನ ರಕ್ಷಣೆಯನ್ನೂ ಪರಿಷ್ಕರಣೆಯನ್ನೂ ಬಾಡಿಗೆ ಕೊಟ್ಟವರೇ ನೋಡಿಕೊಳ್ಳುವ ಹಂಚಿಕೆಯ ತಾಣದಲ್ಲಿ ನಾಲ್ಕು ಸಾದಾ ಪುಟಗಳನ್ನು ಇಟ್ಟರೆ ಸಾಕು. ಅಲ್ಲಿಯೂ ಫಲಕವಿರುತ್ತದೆ, ಅಲ್ಲಿಯೂ ಪಾಸ್‌ವರ್ಡು ಇರುತ್ತದೆ. ಎರಡು ಏರ್ಪಾಟುಗಳಲ್ಲಿ ಯಾವುದೇ ಆದರೂ ಫಲಕದ ವಿಳಾಸ, ಸರ್ವಾಧಿಕಾರದ ಹೆಸರು ಮತ್ತು ಪಾಸ್‌ವರ್ಡು, ತಾಣದ ಹೆಸರನ್ನು ಕೊಂಡ ಏಜೆಂಟರ ವಿಳಾಸ, ಪ್ರತಿಗಳನ್ನು ಇಟ್ಟಿರುವ ಸ್ಥಳ, ಇವನ್ನು ಕಾಗದದ ಮೇಲೆ ಕೈಯಿಂದ ಬರೆದು, ಲಕೋಟೆಯಲ್ಲಿ ಹಾಕಿ, ಅಧ್ಯಕ್ಷರೂ ಕಾರ್ಯದರ್ಶಿಯವರೂ ಅರಗಿನ ಮೊಹರಿನ ಮೇಲೆ ಸಹಿ ಮಾಡಿ, ಸಂಘದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಪಾಸ್‌ವರ್ಡು ಬದಲಾದಾಗಲೆಲ್ಲ ಹಳೆಯ ಲಕೋಟೆಯನ್ನು ಸುಟ್ಟು ಹೊಸದನ್ನು ಇಡಬೇಕು. ಲಕೋಟೆಯ ಮೇಲೆ ತಾರೀಖು ಬರೆಯುವುದನ್ನು ಮರೆಯಬಾರದು.